ಪಕ್ಕದವನಿಗೆ ಎಷ್ಟು ದಿನ ಬೇಕು?

ಮೈಸೂರು ಆಕಾಶವಾಣಿಯ ಕೇಳುಗರೆಲ್ಲರಿಗೂ ನಮಸ್ಕಾರ.

ಅಂಗಡಿಯ ಷಟರ್ ಎತ್ತಿ, ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಬೋಣಿಗೆ ಕಾಯುತ್ತಾ ರೇಡಿಯೊ ಹಾಕಿಕೊಂಡು ಕೂತವರು ಒಬ್ಬರಿದ್ದರೂ ಸಾಕು, ಈ ಮಾತು ಅವರಿಗೆ. ನಿಮ್ಮ ಅಂಗಡಿ ದೇವರಾಜ ಮಾರುಕಟ್ಟೆಯಲ್ಲಿರಬಹುದು, ಮಂಡ್ಯದ ಪೇಟೆ ಬೀದಿಯಲ್ಲಿರಬಹುದು. ಪಾಂಡವಪುರದ ಕಡೆ ಆಲೆಮನೆ ನಡೆಸುವವರೂ ಇರಬಹುದು. ನಿಮ್ಮ ವ್ಯಾಪಾರದ ಬಲ ಏನು ಸ್ವಾಮಿ ಅಂತ ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಇದು: "ನಮ್ಮಲ್ಲಿ ಕ್ವಾಲಿಟಿ ಚೆನ್ನಾಗಿದೆ, ರೇಟು ಕಮ್ಮಿ, ಗಿರಾಕಿ ಹತ್ತಿರ ಪ್ರೀತಿಯಿಂದ ಮಾತಾಡ್ತೀವಿ." ಬಹಳ ಸಂತೋಷ. ಈಗ ರಸ್ತೆ ದಾಟಿ ಎದುರಿನ ಅಂಗಡಿಯವರನ್ನು ಕೇಳಿ. ಅವರೂ ಇದನ್ನೇ ಹೇಳುತ್ತಾರೆ.

ಇಬ್ಬರ ಹತ್ತಿರವೂ ಇರುವುದು ನಿಮ್ಮೊಬ್ಬರ ಬಲ ಹೇಗಾಗುತ್ತದೆ? ಒಳ್ಳೆ ಮಾಲು, ನ್ಯಾಯವಾದ ತೂಕ, ನಗುಮುಖ, ಇವಿಲ್ಲದೆ ಅಂಗಡಿಯನ್ನೇ ತೆರೆಯಬಾರದು. ಇವಿದ್ದ ಮಾತ್ರಕ್ಕೆ ಗೆದ್ದೆವು ಅಂದುಕೊಳ್ಳಲೂಬಾರದು.

ಹಾಗಾಗಿ ಈ ಹದಿನೈದು ನಿಮಿಷದಲ್ಲಿ ನಿಮಗೆ ಒಂದೇ ಒಂದು ಪ್ರಶ್ನೆ ಕೊಟ್ಟು ಹೋಗುತ್ತೇನೆ. ನಿಮ್ಮಲ್ಲಿ ಏನೇನು ವಿಶೇಷ ಇದೆ ಅಂದುಕೊಂಡಿದ್ದೀರೋ ಅದರ ಮುಂದೆ ಈ ಪ್ರಶ್ನೆ ಇಡಿ: ಇದನ್ನೇ ಮಾಡೋಕೆ ಪಕ್ಕದವನಿಗೆ ಎಷ್ಟು ದಿನ ಬೇಕು?

ರೇಟು ಇಳಿಸಿದಿರಾ? ಪಕ್ಕದವನಿಗೆ ಅರ್ಧ ಗಂಟೆ ಸಾಕು. ಹೊಸ ಬೋರ್ಡು, ಬಣ್ಣದ ದೀಪ? ಎರಡು ದಿನ. ಮನೆ ಬಾಗಿಲಿಗೆ ಸಾಮಾನು ತಲುಪಿಸುವುದು? ಒಬ್ಬ ಹುಡುಗ, ಒಂದು ಸ್ಕೂಟರ್, ಒಂದು ವಾರ. ಕ್ಯೂಆರ್ ಕೋಡು? ಅದನ್ನಂತೂ ಕಂಪನಿಯವರೇ ಬಂದು ಅಂಟಿಸಿ ಹೋಗುತ್ತಾರೆ.

ಮ್ಯಾನೇಜ್‌ಮೆಂಟ್ ಪಾಠದಲ್ಲಿ ಇದಕ್ಕೆ ದೊಡ್ಡ ಹೆಸರಿದೆ, ಸ್ಪರ್ಧಾತ್ಮಕ ಅನುಕೂಲ ಅಂತ. ಹಾರ್ವರ್ಡ್‌ನ ಪ್ರೊಫೆಸರ್ ಮೈಕೆಲ್ ಪೋರ್ಟರ್ 1980ರ ದಶಕದಲ್ಲಿ ಇದನ್ನು ಜಗತ್ತಿಗೆಲ್ಲ ಪಾಠ ಮಾಡಿದರು. ಅವರು ಹೇಳಿದ್ದರ ಸಾರ ಇಷ್ಟೇ. ಒಂದೋ ಎಲ್ಲರಿಗಿಂತ ಕಮ್ಮಿ ಖರ್ಚಿನಲ್ಲಿ ಮಾಡಬೇಕು, ಇಲ್ಲವೇ ಗಿರಾಕಿ ನಾಲ್ಕು ಕಾಸು ಹೆಚ್ಚು ಕೊಟ್ಟು ಕೊಳ್ಳುವಂಥ ಬೇರೆಯದನ್ನು ಮಾಡಬೇಕು. ಇಡೀ ಊರಿಗೆ ಮಾಡುತ್ತೀರೋ, ಒಂದು ಚಿಕ್ಕ ಗುಂಪಿಗೆ ಮಾಡುತ್ತೀರೋ ಅದು ನಿಮ್ಮ ಇಷ್ಟ. ಅದೂ ಇರಲಿ ಇದೂ ಇರಲಿ ಅಂತ ನಡುವೆ ನಿಂತವನಿಗೆ ಎರಡೂ ದಕ್ಕುವುದಿಲ್ಲ.

ಇಲ್ಲೊಂದು ಮಾತು. ಕಮ್ಮಿ ಖರ್ಚು ಬೇರೆ, ಕಮ್ಮಿ ರೇಟು ಬೇರೆ. ರೇಟು ಇಳಿಸುವುದು ಬಾಯಿಮಾತು, ಯಾರು ಬೇಕಾದರೂ ಇಳಿಸಬಹುದು. ಖರ್ಚು ಇಳಿಸುವುದು ಕೆಲಸ.

ಬನ್ನಿ, ಆಲೆಮನೆಗೆ ಹೋಗೋಣ. ಮಂಡ್ಯ ಜಿಲ್ಲೆಯಲ್ಲಿ ಕುಳಿತು ಈ ಪಾಠಕ್ಕೆ ಅಮೆರಿಕದ ಕಾರು ಕಂಪನಿಯ ಉದಾಹರಣೆ ಕೊಡುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ.

ನಾನು ಹೇಳುವ ರೂಪಾಯಿ ಅಂಕಿಗಳು ಲೆಕ್ಕ ತಿಳಿಯಲಿ ಅಂತ ಇಟ್ಟುಕೊಂಡವು, ಇವತ್ತಿನ ಧಾರಣೆಯಲ್ಲ. ಒಂದು ಟನ್ ಕಬ್ಬಿಗೆ 3,000 ರೂಪಾಯಿ. ಅರೆದು, ಕಾಯಿಸಿ, ಅಚ್ಚಿಗೆ ಹಾಕುವ ತನಕ ಆಳು, ಕರೆಂಟು ಎಲ್ಲ ಸೇರಿ 900. ಒಟ್ಟು 3,900. ಬಂದ ಬೆಲ್ಲ 100 ಕಿಲೋ. ಅಲ್ಲಿಗೆ ಕಿಲೋಗೆ 39 ರೂಪಾಯಿ ಬಿತ್ತು. ಮಾರುಕಟ್ಟೆಯ ಹರಾಜಿನಲ್ಲಿ 42ಕ್ಕೆ ಹೋಯಿತು ಅನ್ನಿ. ಟನ್ನಿಗೆ ಉಳಿದದ್ದು 300 ರೂಪಾಯಿ.

ಇಲ್ಲಿ ರೇಟು ನಿಮ್ಮ ಕೈಯಲ್ಲಿಲ್ಲ, ಹರಾಜು ಕೂಗುವವರ ಕೈಯಲ್ಲಿದೆ. ನಿಮ್ಮ ಕೈಯಲ್ಲಿರುವುದು ಗಾಣ. ಮೂರು ರೋಲರಿನ ಗಾಣದಲ್ಲಿ ನೂರು ಕಿಲೋ ಕಬ್ಬಿಗೆ 60ರಿಂದ 65 ಕಿಲೋ ಹಾಲು ಬರುತ್ತದೆ. ಆ 60ಕ್ಕೂ 65ಕ್ಕೂ ನಡುವೆಯೇ ನಿಮ್ಮ ಲಾಭ ಕೂತಿರುವುದು. ಗಾಣದಿಂದ ಬಿದ್ದ ಸಿಪ್ಪೆಯನ್ನು ಮುಷ್ಟಿಯಲ್ಲಿ ಹಿಡಿದು ಗಟ್ಟಿಯಾಗಿ ಹಿಂಡಿ. ಅಂಗೈ ಒದ್ದೆಯಾಯಿತೋ, ರೋಲರ್ ಸವೆದಿದೆ ಅಥವಾ ಸಂದು ದೊಡ್ಡದಾಗಿದೆ ಅಂತ ಅರ್ಥ. ನಿಮ್ಮ ದುಡ್ಡನ್ನು ಬಿಸಿಲಿಗೆ ಒಣಹಾಕುತ್ತಿದ್ದೀರಿ. ಅದನ್ನು ಸರಿಮಾಡಿಸಿ 60ರ ಬದಲು 65 ಕಿಲೋ ಹಾಲು ತೆಗೆದರೆ ಅದೇ ಒಂದು ಟನ್ನಿಗೆ 108 ಕಿಲೋ ಬೆಲ್ಲ. 42ರಂತೆ 4,536 ರೂಪಾಯಿ. ಖರ್ಚು ಅದೇ 3,900. ಉಳಿದದ್ದು 636. ಮುನ್ನೂರು ಇದ್ದದ್ದು ದುಪ್ಪಟ್ಟಿಗಿಂತ ಹೆಚ್ಚಾಯಿತು, ರೇಟು ಒಂದು ಪೈಸೆ ಏರದೆ.

ಕಡಿದ ಕಬ್ಬನ್ನು ಇಪ್ಪತ್ನಾಲ್ಕು ಗಂಟೆಯೊಳಗೆ ಅರೆಯಬೇಕು. ಟ್ರ್ಯಾಕ್ಟರಿನಲ್ಲೇ ಎರಡು ದಿನ ಬಿಸಿಲಲ್ಲಿ ನಿಂತ ಕಬ್ಬಿನ ತೂಕವೂ ಹೋಗುತ್ತದೆ, ಒಳಗಿನ ಸಕ್ಕರೆಯೂ ಒಡೆಯುತ್ತದೆ. ಅಂಥ ಹಾಲಿನ ಬೆಲ್ಲ ಸರಿಯಾಗಿ ಗಟ್ಟಿ ಕಟ್ಟುವುದಿಲ್ಲ. ಒಲೆ ಸರಿಯಿಲ್ಲದಿದ್ದರೆ ಸ್ವಂತ ರಚ್ಚು, ಅಂದರೆ ಒಣಗಿಸಿದ ಕಬ್ಬಿನ ಸಿಪ್ಪೆ, ಸಾಲದೆ ಸೌದೆ ಕೊಳ್ಳಬೇಕಾಗುತ್ತದೆ. ಅದೂ ನಿಮ್ಮ ಜೇಬಿನಿಂದಲೇ.

ಈಗ ನಮ್ಮ ಪ್ರಶ್ನೆ. ರೋಲರ್ ಸರಿ ಮಾಡಿಸೋಕೆ ಪಕ್ಕದವನಿಗೆ ಎಷ್ಟು ದಿನ ಬೇಕು? ನೀವು ಕರೆಸಿದ ಫಿಟ್ಟರನ್ನೇ ಅವನೂ ಕರೆಸಿದರೆ ಒಂದು ವಾರ. ಹಾಗಂತ ಬಿಡಬೇಡಿ, ಇವತ್ತೇ ಮಾಡಿಸಿ. ಬದುಕಿ ಉಳಿಯೋಕೆ ಅದು ಬೇಕೇ ಬೇಕು. ಗೆಲ್ಲೋಕೆ ಮಾತ್ರ ಅದೊಂದೇ ಸಾಲದು.

ಇನ್ನೊಬ್ಬ ಆಲೆಮನೆಯವನು ಎರಡನೇ ದಾರಿ ಹಿಡಿಯುತ್ತಾನೆ, ಕೆಮಿಕಲ್ ಇಲ್ಲದ ಬೆಲ್ಲ. ಹರಾಜಿನಲ್ಲಿ ಬೆಲ್ಲಕ್ಕೆ ಬೆಲೆ ಕಟ್ಟುವಾಗ ಮೊದಲು ನೋಡುವುದು ಬಣ್ಣ. ಹಳದಿ ಬಣ್ಣ ಬರಲೆಂದೇ ಕೊಪ್ಪರಿಗೆಗೆ ಹೈಡ್ರೋಸ್ ಅನ್ನುವ ಕೆಮಿಕಲ್ ಪುಡಿ ಹಾಕುವುದು. ಅದರಿಂದ ಕಿಲೋ ಬೆಲ್ಲದಲ್ಲಿ ಉಳಿಯುವ ಸಲ್ಫರ್ ಡೈಆಕ್ಸೈಡ್ 70 ಮಿಲಿಗ್ರಾಂ ಮೀರಬಾರದು ಅಂತ ಕಾನೂನಿದೆ. ಕೈಯಳತೆಯಲ್ಲಿ ಸುರಿಯುವವರಿಗೆ ಮಿಲಿಗ್ರಾಂ ಎಲ್ಲಿ ಗೊತ್ತಾಗಬೇಕು? ಅಷ್ಟು ಮಾಡಿದರೂ ಆ ಹಳದಿ ನಿಲ್ಲುವುದಿಲ್ಲ, ದಾಸ್ತಾನಿನಲ್ಲಿ ಇಟ್ಟಂತೆಲ್ಲ ಮಂಕಾಗುತ್ತದೆ.

ಹೈಡ್ರೋಸ್ ಬಿಟ್ಟವನು ಏನು ಮಾಡಬೇಕು? ಬೆಂಡೆ ಗಿಡದ ಕಾಂಡ ಜಜ್ಜಿ ನೀರಿನಲ್ಲಿ ನೆನೆಸಿ, ಆ ಲೋಳೆಯನ್ನು ಹಾಲು ಕಾಯುತ್ತಿರುವಾಗ ಹಾಕಬೇಕು. ಕೊಳೆಯೆಲ್ಲ ಮೇಲೆ ತೇಲಿ ಬರುತ್ತದೆ. ಅದನ್ನು ಜೋರು ಕುದಿ ಬರುವ ಮೊದಲೇ ಜಾಲರಿಯಿಂದ ತೆಗೆದುಬಿಡಬೇಕು. ತಡವಾದರೆ ಅದು ಮತ್ತೆ ಹಾಲಿನಲ್ಲೇ ಬೆರೆತು ಬೆಲ್ಲ ಕಪ್ಪಾಗುತ್ತದೆ. ಹುಳಿ ಮುರಿಯಲು ಸುಣ್ಣದ ತಿಳಿ ಸ್ವಲ್ಪ ಹಾಕಬೇಕು, ಹೆಚ್ಚಾದರೆ ಅದರಿಂದಲೂ ಕಪ್ಪೇ. ಅಚ್ಚು ಬೆಲ್ಲಕ್ಕೆ ಪಾಕ 116ರಿಂದ 118 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಕೊಪ್ಪರಿಗೆ ಇಳಿಸಬೇಕು. ಹದ ನೋಡುವವರು ತಣ್ಣೀರಿಗೆ ಒಂದು ತೊಟ್ಟು ಬಿಟ್ಟು ಬೆರಳಲ್ಲಿ ಉಂಡೆ ಮಾಡಿ ನೋಡುತ್ತಾರಲ್ಲ, ಅದು ಇದೇ ಲೆಕ್ಕ. 105–106ಕ್ಕೇ ಇಳಿಸಿದರೆ ಜೋನಿ ಬೆಲ್ಲ. 120 ದಾಟಿಸಿ ಉಜ್ಜಿದರೆ ಪುಡಿ ಬೆಲ್ಲ.

ಇಷ್ಟನ್ನು ಕಲಿಯೋಕೆ ಪಕ್ಕದವನಿಗೆ ಎಷ್ಟು ದಿನ? ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂಗೆ ಹೋಗಿ ಕೇಳಿದರೆ ಹೇಳಿಕೊಡುತ್ತಾರೆ. ಒಂದು ಹಂಗಾಮು ಸಾಕು. ಪೊಟ್ಟಣದ ಮೇಲೆ 'ಕೆಮಿಕಲ್ ರಹಿತ' ಅಂತ ಲೇಬಲ್ ಹೊಡೆಸೋಕೆ ಎರಡೇ ದಿನ. ದಯವಿಟ್ಟು ಲೇಬಲ್ಲನ್ನು ಬಲ ಅಂದುಕೊಳ್ಳಬೇಡಿ. ಅದು ಪ್ರಿಂಟಿಂಗ್ ಪ್ರೆಸ್ಸಿನವರ ಕೆಲಸ.

ಹಾಗಾದರೆ ಬಲ ಎಲ್ಲಿದೆ? ಕೊಪ್ಪರಿಗೆಯಲ್ಲಿ ಹುಡುಕಬೇಡಿ, ಗದ್ದೆಯಲ್ಲಿ ಹುಡುಕಿ. ಕಟಾವು ಹತ್ತಿರವಾದಾಗಲೂ ಯೂರಿಯಾ ಚೆಲ್ಲಿದ ಕಬ್ಬಿನ ಬೆಲ್ಲ ಕಪ್ಪು, ಮೆತ್ತಗೆ. ಚೌಳು ಭೂಮಿಯ ಕಬ್ಬಿನ ಬೆಲ್ಲಕ್ಕೆ ಉಪ್ಪಿನ ರುಚಿ. ಸಿಕ್ಕ ಸಿಕ್ಕ ಕಬ್ಬು ಕೊಂಡು ಅರೆಯುವವನು ಬಣ್ಣ ಸರಿದೂಗಿಸಲು ಹೈಡ್ರೋಸಿಗೆ ಕೈ ಹಾಕಲೇಬೇಕಾಗುತ್ತದೆ. ಅದು ಬೇಡ ಅಂದರೆ ಇಂಥ ರೈತರ ಇಂಥ ಗದ್ದೆ, ಇಂಥ ತಳಿ ಅಂತ ಗೊತ್ತು ಮಾಡಿಕೊಳ್ಳಬೇಕು. ಗೊಬ್ಬರ ಯಾವಾಗ ನಿಲ್ಲಿಸಬೇಕು, ಯಾವ ದಿನ ಕಡಿಯಬೇಕು ಅಂತ ಮೊದಲೇ ಮಾತಾಡಿಕೊಂಡಿರಬೇಕು. ಸಾವಯವ ಪ್ರಮಾಣಪತ್ರಕ್ಕೆ ಹೋದರಂತೂ ಭೂಮಿ ಬದಲಾಗಲು ಎರಡು–ಮೂರು ವರ್ಷ ಕಾಯಬೇಕು. ದುಡ್ಡಿದ್ದವನೂ ಆ ಮೂರು ವರ್ಷವನ್ನು ಅಂಗಡಿಯಲ್ಲಿ ಕೊಂಡು ತರಲಾರ.

ಇದಕ್ಕಿಂತ ಗಟ್ಟಿಯಾದದ್ದು ಇನ್ನೊಂದಿದೆ, ಇದನ್ನು ಗಮನವಿಟ್ಟು ಕೇಳಿ. ಪಕ್ಕದವನು ಮಂಡಿಯವರ ಹತ್ತಿರ ಮುಂಗಡ ತೆಗೆದುಕೊಂಡಿದ್ದಾನೆ. ಮಂಡಿಗೆ ಹಳದಿ ಬೆಲ್ಲವೇ ಬೇಕು. ಅವನು ನಿಮ್ಮನ್ನು ನಕಲು ಮಾಡಬೇಕಾದರೆ ಮುಂಗಡ ತೀರಿಸಬೇಕು, ಬಾಡಿಗೆಗೆ ಕಬ್ಬು ಅರೆದುಕೊಡುವುದನ್ನು ನಿಲ್ಲಿಸಬೇಕು, ವಾರವಾರ ಕೈಗೆ ಬರುವ ದುಡ್ಡು ಬಿಡಬೇಕು. ಬಿಡಲಾರ. ಅದಕ್ಕೇ ಹಗಲು ಹೈಡ್ರೋಸ್ ಬೆಲ್ಲ, ರಾತ್ರಿ ಅದೇ ಕೊಪ್ಪರಿಗೆಯಲ್ಲಿ ಕೆಮಿಕಲ್ ರಹಿತ ಬೆಲ್ಲ ಅಂತ ಹೊರಡುತ್ತಾನೆ. ಲ್ಯಾಬಿನ ಚೀಟಿಯಲ್ಲಿ ಸಿಕ್ಕಿಬೀಳುತ್ತಾನೆ. ಅವನಿಗೆ ಬುದ್ಧಿಯೇನೂ ಕಮ್ಮಿಯಿಲ್ಲ. ನಿಮ್ಮ ದಾರಿಗೆ ಬಂದರೆ ಅವನ ಈಗಿನ ಅನ್ನಕ್ಕೇ ಕಲ್ಲು ಬೀಳುತ್ತದೆ, ಅದೇ ಅವನನ್ನು ತಡೆಯುವುದು. ತಂತ್ರ ಅಂದರೆ ಏನು ಮಾಡುತ್ತೇವೆ ಅನ್ನುವ ಪಟ್ಟಿ ಅಂತ ತಿಳಿದವರೇ ಹೆಚ್ಚು. ಏನನ್ನು ಮಾಡುವುದಿಲ್ಲ ಅಂತ ನೀವು ಬಿಟ್ಟಿದ್ದೀರೋ ಅದನ್ನು ಬಿಡೋಕೆ ಪಕ್ಕದವನಿಗೆ ಎಷ್ಟು ದಿನ ಬೇಕು ಅಂತಲೂ ಲೆಕ್ಕ ಹಾಕಿ.

ದುಡ್ಡಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಕಿಲೋ ಪೊಟ್ಟಣ 70 ರೂಪಾಯಿಗೆ ಮಾರಿದಿರಿ. ಬೆಲ್ಲ 39, ತೇವ ಹಿಡಿಯದ ಪೊಟ್ಟಣ 4, ಸಾಗಾಟ 3, ಪರೀಕ್ಷೆ 1, ಅಂಗಡಿಯವರ ಪಾಲು 14. ಒಟ್ಟು 61, ಉಳಿದದ್ದು 9. ಹರಾಜಿನ ಮೂರು ರೂಪಾಯಿಗೆ ಹೋಲಿಸಿದರೆ ಮೂರು ಪಟ್ಟು. ಆದರೆ ಮಾಲು ನಿಧಾನವಾಗಿ ಕರಗುತ್ತದೆ, ದುಡ್ಡು ಎರಡು ತಿಂಗಳು ಹೊರಗೆ ನಿಲ್ಲುತ್ತದೆ. ಮಳೆಗಾಲದಲ್ಲಿ ಪೊಟ್ಟಣದ ಬಾಯಿ ಸರಿಯಾಗಿ ಮುಚ್ಚದಿದ್ದರೆ ಬೆಲ್ಲ ನೀರೊಡೆದು ಪೂರ್ತಿ ವಾಪಸ್ ಬರುತ್ತದೆ. ಕೈಯಲ್ಲಿ ಎರಡು ತಿಂಗಳ ಖರ್ಚಿಗೆ ದುಡ್ಡಿಲ್ಲದೆ ಈ ದಾರಿಗೆ ಇಳಿಯಬೇಡಿ.

ಬೆಲ್ಲದ ಮಾತು ಉದ್ದವಾಯಿತು. ಸ್ಟುಡಿಯೊದ ಗಾಜಿನ ಆಚೆಯಿಂದ ನಿಮಿಷ ತೋರಿಸುತ್ತಿದ್ದಾರೆ. ಉಳಿದಿದ್ದನ್ನು ಬೇಗ ಹೇಳುತ್ತೇನೆ.

ಜಾಗದ ಬಲ. ಮದ್ದೂರು ವಡೆಯ ಗುಟ್ಟು ಯಾರಿಗೆ ಗೊತ್ತಿಲ್ಲ? ರವೆ, ಮೈದಾ, ಅಕ್ಕಿ ಹಿಟ್ಟು, ಈರುಳ್ಳಿ. ಮಾಡೋಕೆ ಪಕ್ಕದವನಿಗೆ ಒಂದು ಬೆಳಗ್ಗೆ ಸಾಕು. ಅದಕ್ಕೆ ಹೆಸರು ತಂದದ್ದು ರೈಲ್ವೆ ಸ್ಟೇಷನ್. ರೈಲು ನಿಲ್ಲುತ್ತಿತ್ತು, ಹಸಿದವರು ಇಳಿಯುತ್ತಿದ್ದರು, ವಡೆ ಬೇಗ ಹಳಸುತ್ತಿರಲಿಲ್ಲ. ಆಮೇಲೆ ಹೆದ್ದಾರಿ ಹೋಟೆಲುಗಳ ಕಾಲ ಬಂತು. 2023ರ ಮಾರ್ಚ್ 12ರಂದು 118 ಕಿಲೋಮೀಟರಿನ ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆಯಾಯಿತು. ಹೊಸ ದಾರಿ ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಬದಿಗಿಟ್ಟು ಹೊರಗಿನಿಂದಲೇ ಹೋಗುತ್ತದೆ. ಹಳೇ ರಸ್ತೆಯ ಹೋಟೆಲಿನವರು ಏನೂ ತಪ್ಪು ಮಾಡಿರಲಿಲ್ಲ. ಕಾಫಿ ಅದೇ, ವಡೆ ಅದೇ. ಕಾರುಗಳು ಮಾತ್ರ ಬರಲಿಲ್ಲ. ಜಾಗವನ್ನು ಪಕ್ಕದವನು ನಕಲು ಮಾಡಲಾರ, ನಿಜ. ಆದರೆ ರಸ್ತೆ ನಿಮ್ಮ ಆಸ್ತಿಯಲ್ಲ. ನಂಜನಗೂಡಿನ ರಸಬಾಳೆಯದೂ ಇದೇ ಥರ. ಆ ಮಣ್ಣನ್ನು ಯಾರೂ ಹೊತ್ತೊಯ್ಯಲಾರರು, ಬೇರೆ ಊರಿನವರು ಆ ಹೆಸರು ಬಳಸದಂತೆ ಕಾಯುವ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆಯೂ ಇದೆ. ಪನಾಮಾ ಸೊರಗು ರೋಗ ಬಂದು ತೋಟವೇ ಕಮ್ಮಿಯಾದಾಗ ಹೆಸರೊಂದೇ ಇಟ್ಟುಕೊಂಡು ಏನು ಮಾರುವುದು?

ಗಟ್ಟಿಯಾಗಿ ನಿಂತ ಒಂದನ್ನು ನೋಡಬೇಕಾದರೆ ಮೈಸೂರಿನ ಮಾನಂದವಾಡಿ ರಸ್ತೆಗೆ ಬನ್ನಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಶುರುವಾದ ಮೈಸೂರು ಸಿಲ್ಕ್ ನೇಯ್ಗೆ. ರೇಷ್ಮೆ ಸೀರೆಯನ್ನು ದೇಶದಲ್ಲೆಲ್ಲ ನೇಯುತ್ತಾರೆ, ಅದು ಬಲ ಅಲ್ಲ. ಟಿ. ನರಸೀಪುರದಲ್ಲಿ ಗೂಡಿನಿಂದ ನೂಲು ತೆಗೆಯುವುದರಿಂದ ಹಿಡಿದು ನೇಯ್ದು ತನ್ನದೇ ಮಳಿಗೆಯಲ್ಲಿ ಮಾರುವ ತನಕ ರಾಜ್ಯ ಸರ್ಕಾರದ ಒಂದೇ ನಿಗಮದ ಕೈಯಲ್ಲಿದೆ. ಜರಿಯಲ್ಲಿ ಶೇ. 65 ಬೆಳ್ಳಿ, ಶೇ. 0.65 ಚಿನ್ನ. ಒಂದೊಂದು ಸೀರೆಗೂ ಅದರದೇ ನಂಬರು. ಇದರಲ್ಲಿ ಯಾವುದಾದರೂ ಒಂದನ್ನು ಪಕ್ಕದವನು ನಕಲು ಮಾಡಬಹುದು. ಎಲ್ಲವನ್ನೂ ಒಟ್ಟಿಗೆ ಮಾಡೋಕೆ ಎಷ್ಟು ದಿನ ಬೇಕು? ನೀವೇ ಎಣಿಸಿ.

ಮಾಲು ಕೊಡುವವರು ನಿಮ್ಮನ್ನು ಹೇಗೆ ಹಿಂಡುತ್ತಾರೆ, ದೊಡ್ಡ ಗಿರಾಕಿ ಹೇಗೆ ಹಿಂಡುತ್ತಾನೆ, ಇವೆಲ್ಲ ಇವತ್ತಿಗೆ ಬಿಡಬೇಕಾಯಿತು. ಒಬ್ಬನೇ ಗಿರಾಕಿಗೆ ಅರ್ಧಕ್ಕಿಂತ ಹೆಚ್ಚು ಮಾಲು ಕೊಡುತ್ತಿದ್ದರೆ ಇವತ್ತಿನಿಂದಲೇ ಇನ್ನೊಬ್ಬನನ್ನು ಹುಡುಕಲು ಶುರುಮಾಡಿ, ಅಷ್ಟು ಸಾಕು.

ರಾತ್ರಿ ಗಲ್ಲಾ ಎಣಿಸಿದ ಮೇಲೆ ಲೆಕ್ಕದ ಪುಸ್ತಕದ ಕೊನೇ ಹಾಳೆ ತೆಗೆಯಿರಿ. ಎಡಗಡೆ ನಿಮ್ಮ ಅಂಗಡಿಯ ವಿಶೇಷಗಳನ್ನು ಬರೆಯಿರಿ, ಐದು ಸಾಕು. ಬಲಗಡೆ ಪಕ್ಕದವನಿಗೆ ಬೇಕಾಗುವ ದಿನ. ಮನೆಯವರ ಹತ್ತಿರ ಬರೆಸಿದರೆ ಇನ್ನೂ ಒಳ್ಳೆಯದು, ಅವರು ನಿಮ್ಮ ಮುಲಾಜು ನೋಡುವುದಿಲ್ಲ. ಐದರಲ್ಲಿ ಒಂದರ ಮುಂದಾದರೂ 'ವರ್ಷ' ಅನ್ನುವ ಪದ ಬಂತೋ, ಮುಂದಿನ ಸಲ ಕೈಗೆ ನಾಲ್ಕು ಕಾಸು ಬಂದಾಗ ಅದಕ್ಕೇ ಹಾಕಿ, ಬೋರ್ಡಿಗೆ ಬೇಡ. ಐದೂ ವಾರದೊಳಗೇ ಮುಗಿದರೆ ಹಾಳೆ ಹರಿದುಹಾಕಬೇಡಿ, ಗಲ್ಲಾಪೆಟ್ಟಿಗೆಯಲ್ಲೇ ಇರಲಿ. ದಿನಕ್ಕೊಂದು ಸಲ ಕಣ್ಣಿಗೆ ಬೀಳಲಿ.

ಸಮಯವಾಯಿತು. ನಮಸ್ಕಾರ.