ಸ್ಟೀಲಾ ಕಾರ್ಬನ್ನಾ ಆಮೇಲೆ, ಮೊದಲು ಟೈರ್ ನೋಡಿ

ನಮಸ್ಕಾರ ಎಲ್ರಿಗೂ. 200 ಕಿಲೋಮೀಟರ್ ಬ್ರೆವೆಗೆ (ಕೊಟ್ಟ ಟೈಮ್ ಒಳಗೆ ಮುಗಿಸ್ಬೇಕಾದ ದೂರದ ಸೈಕಲ್ ರೈಡು, ರೇಸ್ ಅಲ್ಲ) ಯಾವ ಸೈಕಲ್ ತಗೊಳ್ಳಲಿ, ಸ್ಟೀಲಾ ಅಲ್ಯೂಮಿನಿಯಮ್ಮಾ ಕಾರ್ಬನ್ನಾ ಅಂತ ತುಂಬಾ ಜನ ಕೇಳ್ತಾನೇ ಇರ್ತೀರ. ನೇರವಾಗಿ ಹೇಳ್ಬಿಡ್ತೀನಿ, ಸುಖವಾಗಿ ದೂರ ಹೋಗೋದಷ್ಟೇ ನಿಮ್ಮ ಆಸೆ ಆದ್ರೆ ಫ್ರೇಮ್ ಯಾವುದರದ್ದು ಅನ್ನೋದು ಲಿಸ್ಟಲ್ಲಿ ನಾಲ್ಕನೇದೋ ಐದನೇದೋ ಇರ್ಬೇಕು.

ಅಲ್ಯೂಮಿನಿಯಂ ಒರಟು, ಸ್ಟೀಲ್ ಮೆತ್ತಗೆ ಅಂತ ಅಂಗಡೀಲಿ ಹೇಳ್ತಾರಲ್ಲ, ಅದು ಪೂರ್ತಿ ಸುಳ್ಳೇನಲ್ಲ. ಆದ್ರೆ ಮಜಾ ನೋಡಿ, ಒಂದೇ ಅಳತೆಯ ಪೈಪ್ ತಗೊಂಡ್ರೆ ಅಲ್ಯೂಮಿನಿಯಮ್ಮೇ ಸ್ಟೀಲ್‌ಗಿಂತ ಹತ್ರತ್ರ 3 ಪಟ್ಟು ಜಾಸ್ತಿ ಬಾಗೋದು. ಅದಕ್ಕೇ ಅದರ ಪೈಪನ್ನ ದಪ್ಪ ಮಾಡ್ತಾರೆ, ವ್ಯಾಸ ಸ್ವಲ್ಪ ಏರಿದ್ರೂ ಬಿಗಿ ಸಿಕ್ಕಾಪಟ್ಟೆ ಏರುತ್ತೆ, ಕೊನೆಗೆ ಫ್ರೇಮ್ ಗಟ್ಟಿ ಆಗಿ ಕೂತ್ಕೊಳ್ಳುತ್ತೆ. ಇನ್ನೊಂದು ವಿಷ್ಯ, ಸೈಕಲ್ ಫ್ರೇಮ್ ಅಂದ್ರೆ ಎರಡು ತ್ರಿಕೋನ, ಮೇಲಿಂದ ಒತ್ತಿದ್ರೆ ಯಾವ ಲೋಹ ಆದ್ರೂ ಬಗ್ಗೋದು ತೀರಾ ಕಮ್ಮಿ. ಟೈರು, ಸೀಟು, ಸೀಟನ್ನ ಹೊತ್ತಿರೋ ಕಂಬಿ ಅಂದ್ರೆ ಸೀಟ್‌ಪೋಸ್ಟು ಅದಕ್ಕಿಂತ ಎಷ್ಟೋ ಜಾಸ್ತಿ ಕುಗ್ತವೆ.

ಹಾಸನ ರೋಡಲ್ಲೇ ಆಗ್ಲಿ ಚಿತ್ರದುರ್ಗದ ಕಡೆಗೇ ಆಗ್ಲಿ, ಹೈವೇಲಿ ಜಂಕ್ಷನ್‌ಗೆ ಮುಂಚೆ ಬಿಳಿ ಉಬ್ಬು ಪಟ್ಟಿ, ರಂಬಲ್ ಸ್ಟ್ರಿಪ್, ಸಾಲಾಗಿ ಹಾಕಿರ್ತಾರಲ್ಲ, ಕಾರಲ್ಲಿ ಕೂತೋರಿಗೆ ಡರ್ರ್ ಅಂತ ಸದ್ದು ಅಷ್ಟೆ. 23 ಎಂಎಂ ಅಗಲದ ಟೈರಿಗೆ 110 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ತುಂಬ್ಕೊಂಡು ಅದರ ಮೇಲೆ ಹೋಗಿ, ಬಾಟಲ್ ಎಗರುತ್ತೆ, ಅಂಗೈ ಜೋಮು ಹಿಡಿಯುತ್ತೆ, ಲೈಟಿನ ಸ್ಕ್ರೂ ಸಡಿಲ ಆಗುತ್ತೆ. ಅದೇ ಫ್ರೇಮಿಗೆ 32 ಎಂಎಂ ಹಾಕಿ, 70-75 ಕೆಜಿ ಆಸಾಮಿ ಆದ್ರೆ 55-60 ಪಿಎಸ್‌ಐ, ಮುಂದಿಂದಕ್ಕೆ ಇನ್ನೂ ಸ್ವಲ್ಪ ಕಮ್ಮಿ. ಬೇರೆ ಸೈಕಲ್ ತಗೊಂಡ ಹಾಗಿರುತ್ತೆ! ಸ್ಪೀಡ್ ಬೀಳುತ್ತೆ ಅನ್ನೋರಿಗೆ ಒಂದ್ಮಾತು, ರೇಸ್ ಓಡಿಸೋ ಪ್ರೊಗಳೇ 23 ಬಿಟ್ಟು 28ಕ್ಕೋ ಅದಕ್ಕಿಂತ ದಪ್ಪಕ್ಕೋ ಬಂದು ಕೂತಿದ್ದಾರೆ, ನಮಗೆ 200 ಕಿಲೋಮೀಟರ್‌ಗೆ 13 ಗಂಟೆ 30 ನಿಮಿಷ ಟೈಮಿದೆ, ಯಾವ ಅವಸರ ರೀ?

ಅದಕ್ಕೇ ಫ್ರೇಮ್ ನೋಡೋಕೆ ಹೋದಾಗ ಮೊದಲು ಕೇಳ್ಬೇಕಾಗಿರೋದು, ಇದರಲ್ಲಿ ಎಷ್ಟು ದಪ್ಪದ ಟೈರ್ ಕೂರುತ್ತೆ ಅಂತ. 25ಕ್ಕೇ ನಿಂತೋಗೋ ಕಾರ್ಬನ್‌ಗಿಂತ 35 ಹಿಡಿಸೋ ಸಾದಾ ಅಲ್ಯೂಮಿನಿಯಂ ನನ್ನ ಪ್ರಕಾರ ಎಷ್ಟೋ ವಾಸಿ.

ಹಳೇ ಅಟ್ಲಾಸ್ ಸೈಕಲ್ ಎಷ್ಟು ಮೆತ್ತಗಿತ್ತು ಗೊತ್ತಾ, ಅದು ಸ್ಟೀಲ್ ಅಲ್ವಾ ಅಂತೀರ. ಹೌದು, ಸ್ಟೀಲೇ. ಜೊತೆಗೆ ಸ್ಪ್ರಿಂಗ್ ಸೀಟು, ಒಂದೂವರೆ ಇಂಚಿನ ಟೈರು, ಮುಂದಕ್ಕೆ ಬಾಗಿದ ಫೋರ್ಕು, ಉದ್ದ ವೀಲ್‌ಬೇಸು (ಎರಡು ಚಕ್ರದ ನಡುವಿನ ದೂರ) ಎಲ್ಲಾ ಇತ್ತಲ್ಲ.

ಸ್ಟೀಲ್ ಆದ್ರೆ ಯಾವ ಹಳ್ಳೀಲಾದ್ರೂ ವೆಲ್ಡಿಂಗ್ ಮಾಡಿಸ್ಬೋದು ಅನ್ನೋ ಡೈಲಾಗ್ ಬೇರೆ. ಒಳ್ಳೇ ಕ್ರೋಮೋಲಿ (ಸೈಕಲ್‌ಗೆ ಬಳಸೋ ಗಟ್ಟಿ ಮಿಶ್ರ ಸ್ಟೀಲ್) ಪೈಪಿನ ಗೋಡೆ ಮಧ್ಯದಲ್ಲಿ ಹತ್ರತ್ರ ಅರ್ಧ ಮಿಲಿಮೀಟರ್ ದಪ್ಪ ಅಷ್ಟೇ ಇರುತ್ತೆ, ಗೇಟು ಗ್ರಿಲ್ಲು ಮಾಡೋರ ಆರ್ಕ್ ವೆಲ್ಡಿಂಗ್ ತಗುಲಿದ್ರೆ ತೂತೇ ಬೀಳೋದು. ಸ್ಟೀಲ್ ನಂಗೂ ಇಷ್ಟ, ಪೆಟ್ಟು ತಡೆಯುತ್ತೆ, ಕ್ಯಾರಿಯರ್ ಕೂರಿಸೋಕೆ ಸುಲಭ, ಆದ್ರೆ ಈ ಕಾರಣಕ್ಕೆ ಅಲ್ಲ. ಟೈಟಾನಿಯಂ ಚೆನ್ನಾಗಿದೆ, ತುಕ್ಕು ಹಿಡಿಯಲ್ಲ, ರೇಟ್ ಕೇಳಿ ವಾಪಸ್ ಬನ್ನಿ.

ಉಳಿದ ದುಡ್ಡಲ್ಲಿ ಒಂದು ಬೈಕ್ ಫಿಟ್ ಮಾಡಿಸಿ, ಅಂದ್ರೆ ಸೀಟು ಹ್ಯಾಂಡಲ್ಲು ನಿಮ್ಮ ಮೈ ಅಳತೆಗೆ ಹೊಂದಿಸೋದು. ಸೀಟ್ ಎತ್ತರ ಒಂದು ಸೆಂಟಿಮೀಟರ್ ತಪ್ಪಿದ್ರೂ ನೂರು ಕಿಲೋಮೀಟರ್ ಆದ್ಮೇಲೆ ಮಂಡಿ ಹೇಳುತ್ತೆ, ಹ್ಯಾಂಡಲ್ ದೂರ ಆದ್ರೆ ಕುತ್ತಿಗೆ ಹೇಳುತ್ತೆ. ಫ್ರೇಮಲ್ಲಿ 27.2 ಎಂಎಂ ವ್ಯಾಸದ ಸೀಟ್‌ಪೋಸ್ಟ್ ಇದ್ರೆ ಕುಲುಕು ಕಮ್ಮಿ ಆಗೋಕೆ ಅದೊಂದನ್ನ ಕಾರ್ಬನ್‌ದು ಹಾಕ್ಕೊಳ್ಳಿ, ಎಷ್ಟು ಬಿಗಿ ಆಯ್ತು ಅಂತ ಅಳೆಯೋ ಟಾರ್ಕ್ ರೆಂಚ್ ಇಟ್ಟೇ ಟೈಟ್ ಮಾಡಿ, ಕೈ ಅಂದಾಜು ಬೇಡ. ಚರ್ಮದ ಸೀಟ್ ಹಾಕ್ಕೊಂಡಿರೋರು ಮಳೇಲಿ ಮಲೆನಾಡ ಕಡೆ ಹೊರಟ್ರೆ ಒಂದು ಪ್ಲಾಸ್ಟಿಕ್ ಕವರ್ ಜೇಬಲ್ಲಿ ಇರ್ಲಿ, ನೆಂದು ಜೋತು ಬಿದ್ರೆ ಮತ್ತೆ ಸರಿ ಹೋಗಲ್ಲ.