ತಾಲೂಕು ಕಮಿಟಿಯನ್ನು ಕೇಳಿದವರು ಯಾರು?

ವೇದಿಕೆ ಮೇಲಿರುವ ಹಿರಿಯರೇ, ಎದುರಿಗಿರುವ ಗೆಳೆಯರೇ, ಫ್ಯಾನಿನ ಕೆಳಗೇ ಜಾಗ ನೋಡಿ ಹಿಡಿದ ವಿದ್ಯಾರ್ಥಿಗಳೇ,

ನಮಸ್ಕಾರ. ನನಗೆ ಕೊಟ್ಟ ವಿಷಯ ‘ಹೊಸ ನಾಯಕತ್ವ ಮತ್ತು ಪಕ್ಷದ ಒಳಜಗಳ’. ಫೋನಿನಲ್ಲಿ ವಿಷಯ ಹೇಳಿದ ಕಾರ್ಯದರ್ಶಿಗಳು ಕೊನೆಗೆ ದನಿ ತಗ್ಗಿಸಿ, ‘ಸಾರ್, ಈಗಿನದ್ದು ಬೇಡ, ಸ್ವಲ್ಪ ಹಳೇದೇ ಇರಲಿ’ ಅಂದರು. ಅವರ ಕಷ್ಟ ಅರ್ಥವಾಯಿತು. ಹಾಲ್ ಕೊಡಿಸಿದವರು ಒಂದು ಬಣ, ಊಟ ಹಾಕಿಸುತ್ತಿರುವವರು ಇನ್ನೊಂದು ಬಣ. ಹಾಗಾಗಿ ಕಾಂಗ್ರೆಸ್ ಎರಡು ಹೋಳಾದ 1969ಕ್ಕೆ ಹೋಗೋಣ. ಆ ಕಾಲದವರು ಯಾರೂ ರಾತ್ರಿ ಫೋನ್ ಮಾಡಿ ಬೈಯುವುದಿಲ್ಲ.

ಆದರೂ ಚಿತ್ರದುರ್ಗದಲ್ಲಿ ನಿಂತು 1969ರ ಮಾತಾಡಲು ಸ್ವಲ್ಪ ಧೈರ್ಯ ಬೇಕು. ಆಗ ಪಕ್ಷದ ಅಧ್ಯಕ್ಷರಾಗಿದ್ದ ನಿಜಲಿಂಗಪ್ಪನವರು ನಿಮ್ಮವರು. 2000ನೇ ಇಸವಿಯಲ್ಲಿ ಕಣ್ಣು ಮುಚ್ಚಿದ್ದೂ ಇದೇ ಊರಿನಲ್ಲಿ. ಅವರನ್ನು ಹತ್ತಿರದಿಂದ ಕಂಡವರು ಈ ಸಭೆಯಲ್ಲೂ ಇದ್ದೀರಿ. ನಾನು ಅವರನ್ನು ಟೀಕೆ ಮಾಡುತ್ತೇನೆ. ಇಂದಿರಾ ಗಾಂಧಿಯವರನ್ನೂ ಟೀಕೆ ಮಾಡುತ್ತೇನೆ. ಆಮೇಲೆ ಒಟ್ಟಿಗೆ ಊಟಕ್ಕೆ ಕೂರೋಣ.

ನಾಲ್ಕು ಅಂಶ ಬರೆದುಕೊಂಡು ಬಂದಿದ್ದೇನೆ. ಮೊದಲನೆಯದು, ಹೊಸ ನಾಯಕರನ್ನು ಯಾರು ತರುತ್ತಾರೆ, ಯಾಕೆ ತರುತ್ತಾರೆ ಅನ್ನುವುದು.

1966ರ ಜನವರಿ. ತಾಷ್ಕೆಂಟಿನಲ್ಲಿ ಶಾಸ್ತ್ರಿಯವರು ಹೋಗಿಬಿಟ್ಟರು. ಪ್ರಧಾನಿ ಪಟ್ಟಕ್ಕೆ ಮೊರಾರ್ಜಿ ದೇಸಾಯಿ ಸಿದ್ಧವಾಗಿಯೇ ಕೂತಿದ್ದರು. ಆದರೆ ಅವರು ಬಂದರೆ ಯಾರ ಮಾತೂ ಕೇಳುವವರಲ್ಲ. ಪಕ್ಷದ ಅಧ್ಯಕ್ಷ ಕಾಮರಾಜ್, ಬಂಗಾಳದ ಅತುಲ್ಯ ಘೋಷ್, ಬೊಂಬಾಯಿಯ ಎಸ್.ಕೆ. ಪಾಟೀಲ್, ಆಂಧ್ರದ ಸಂಜೀವ ರೆಡ್ಡಿ, ನಮ್ಮ ನಿಜಲಿಂಗಪ್ಪ. ಪತ್ರಿಕೆಗಳು ‘ಸಿಂಡಿಕೇಟ್’ ಅಂತ ಕರೆದದ್ದು ಈ ಗುಂಪನ್ನೇ. ಮೊರಾರ್ಜಿಯವರನ್ನು ತಡೆಯಬೇಕಿತ್ತು. ನೆಹರೂ ಮಗಳು ಸಿಕ್ಕರು. ಸಂಸದೀಯ ಪಕ್ಷದಲ್ಲಿ ಮತದಾನ ಆಯಿತು. ಇಂದಿರಾಗೆ 355, ಮೊರಾರ್ಜಿಗೆ 169.

ಲೋಹಿಯಾ ಆಕೆಯನ್ನು ‘ಗೂಂಗೀ ಗುಡಿಯಾ’, ಮೂಕ ಗೊಂಬೆ ಅಂತ ಹಂಗಿಸಿದರು. ಲೋಹಿಯಾ ಬಾಯಿಬಿಟ್ಟು ಹೇಳಿದ್ದನ್ನೇ ಈ ಹಿರಿಯರು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು, ಅಷ್ಟೇ. ಬಾಯಿ ಇಲ್ಲದ ಸೊಸೆಯೇ ಬೇಕು ಅಂತ ಹತ್ತೂರು ಹುಡುಕಿ ತರುವ ಅತ್ತೆಯರ ಪಾಡು ಏನಾಗುತ್ತದೆ ಅಂತ ಈ ಸಭೆಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಐದು ತಿಂಗಳೂ ಆಗಿರಲಿಲ್ಲ, ಜೂನ್ 6ರಂದು ರೂಪಾಯಿ ಅಪಮೌಲ್ಯ. ಡಾಲರಿಗೆ 4.76 ಇದ್ದದ್ದು 7.50 ಆಯಿತು. ತಮ್ಮನ್ನು ಒಂದು ಮಾತೂ ಕೇಳಲಿಲ್ಲ ಅಂತ ಕಾಮರಾಜ್ ಕೆಂಡವಾದರು. ಮರುವರ್ಷ ಚುನಾವಣೆ. 520ರಲ್ಲಿ 283 ಸ್ಥಾನ ಗೆದ್ದು ಪಕ್ಷ ಹೇಗೋ ಉಸಿರಾಡಿತು. ಸೋತವರು ಯಾರು ನೋಡಿ. ವಿರುದುನಗರದಲ್ಲಿ ಒಬ್ಬ ವಿದ್ಯಾರ್ಥಿ ನಾಯಕನ ಎದುರು ಕಾಮರಾಜ್. ಬಂಕುರಾದಲ್ಲಿ ಅತುಲ್ಯ ಘೋಷ್. ಬೊಂಬಾಯಿಯಲ್ಲಿ ನಮ್ಮ ಮಂಗಳೂರಿನ ಹುಡುಗ ಜಾರ್ಜ್ ಫರ್ನಾಂಡಿಸ್ ಎದುರು ಎಸ್.ಕೆ. ಪಾಟೀಲ್. ಕೈಹಿಡಿದು ಕರೆತಂದವರೇ ಮನೆ ಸೇರಿದರು. ಕರೆತಂದವರ ಋಣ ಅಲ್ಲಿಗೆ ಮುಗಿಯಿತು.

ಈಗ ನನ್ನ ಹಳೇ ಪ್ರಶ್ನೆ. ನನ್ನ ಭಾಷಣ ಮುಂಚೆ ಕೇಳಿದವರು ಈಗಲೇ ನಗುತ್ತಿದ್ದೀರಿ, ಪರವಾಗಿಲ್ಲ. ಇಷ್ಟೆಲ್ಲ ಆಗುವಾಗ ತಾಲೂಕು ಕಮಿಟಿಯನ್ನು ಕೇಳಿದವರು ಯಾರು? 1966ರಲ್ಲಿ ನಾಯಕರನ್ನು ಆರಿಸಿದ್ದು ಸಂಸದರು. ಯಾರಿಗೆ ಹಾಕಬೇಕು ಅಂತ ಸಂಸದರಿಗೆ ಹೇಳಿದ್ದು ಮುಖ್ಯಮಂತ್ರಿಗಳು. ಮುಖ್ಯಮಂತ್ರಿಗಳಿಗೆ ಹೇಳಿದ್ದು ಆ ನಾಲ್ಕೈದು ಜನ. ರಸೀದಿ ಪುಸ್ತಕ ಹಿಡಿದು ಊರೂರು ಸುತ್ತಿ ಸದಸ್ಯರನ್ನು ಮಾಡಿದವನಿಗೆ ರೇಡಿಯೋದಲ್ಲೇ ಗೊತ್ತಾಗಿದ್ದು.

ಎರಡನೆಯ ಅಂಶ ಲಾಲ್‌ಬಾಗ್. ಇದು ನನಗೆ ಬಹಳ ಇಷ್ಟದ ಕಥೆ. ಉದ್ದವಾದರೆ ಸಹಿಸಿಕೊಳ್ಳಿ.

1968ರಲ್ಲಿ ನಿಜಲಿಂಗಪ್ಪನವರು ಎಐಸಿಸಿ, ಅಂದರೆ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧ್ಯಕ್ಷರಾಗಿ ದೆಹಲಿಗೆ ಹೋದರು. ಇಲ್ಲಿ ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾದರು. 1969ರ ಏಪ್ರಿಲ್‌ನಲ್ಲಿ ಫರೀದಾಬಾದ್ ಅಧಿವೇಶನ. ಅಧ್ಯಕ್ಷರು ಸಾರ್ವಜನಿಕ ಉದ್ದಿಮೆಗಳನ್ನು ಟೀಕಿಸಿದರು, ಅದೇ ಸಭೆಯಲ್ಲಿ ಪ್ರಧಾನಿ ತಿರುಗೇಟು ಕೊಟ್ಟರು. ಸಾಲದ್ದಕ್ಕೆ ಪೆಂಡಾಲಿಗೇ ಬೆಂಕಿ ಬಿತ್ತು. ನಿಜವಾದ ಬೆಂಕಿ, ಅಲಂಕಾರಕ್ಕೆ ಹೇಳುತ್ತಿಲ್ಲ. ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡರು. ಮುಂದಿನ ರಾಷ್ಟ್ರಪತಿ ಯಾರು ಅನ್ನುವ ಪ್ರಶ್ನೆ ಎದ್ದಾಗ ಜುಲೈನಲ್ಲಿ ಎಐಸಿಸಿ ಸೇರಿದ್ದು ಬೆಂಗಳೂರಿನಲ್ಲಿ, ಲಾಲ್‌ಬಾಗಿನ ಗಾಜಿನ ಮನೆಯಲ್ಲಿ. ಫಲಪುಷ್ಪ ಪ್ರದರ್ಶನ ನಡೆಯುವ ಅದೇ ಜಾಗ. ಆತಿಥ್ಯ ನಮ್ಮದು. ಅಧ್ಯಕ್ಷರು ನಮ್ಮವರು, ಮುಖ್ಯಮಂತ್ರಿ ಅವರ ಶಿಷ್ಯರು. ಪ್ರಧಾನಿಯೇ ಅಲ್ಲಿ ನೆಂಟರು.

ಕಾರ್ಯಕಾರಿ ಸಮಿತಿ ಸಭೆಗೆ ಪ್ರಧಾನಿ ಬರಲಿಲ್ಲ. ಅವರ ಬದಲು ಫಕ್ರುದ್ದೀನ್ ಅಲಿ ಅಹ್ಮದ್ ಕೈಯಲ್ಲಿ ಒಂದು ಟಿಪ್ಪಣಿ ಬಂತು. ಅವಸರದಲ್ಲಿ ಹೇಳಿ ಬರೆಸಿದ ಬಿಡಿ ಯೋಚನೆಗಳಂತೆ! ಏನಿತ್ತು ಅದರಲ್ಲಿ? ದೊಡ್ಡ ಬ್ಯಾಂಕುಗಳ ರಾಷ್ಟ್ರೀಕರಣ, ಏಕಸ್ವಾಮ್ಯಕ್ಕೆ ಕಡಿವಾಣ, ಭೂಸುಧಾರಣೆ, ನಗರದ ಆಸ್ತಿಗೆ ಮಿತಿ. ಸುಮ್ನೆ ಅವಸರದಲ್ಲಿ ಹೊಳೆಯುವ ಯೋಚನೆಗಳೇ ಇವು? ನಾವು ಅವಸರದಲ್ಲಿ ಬರೆದರೆ ಹಾಲು, ಸಕ್ಕರೆ, ಕೊತ್ತಂಬರಿ ಸೊಪ್ಪು ಅಂತ ಬರೆಯುತ್ತೇವೆ.

ಹಿರಿಯರು ಇಕ್ಕಟ್ಟಿಗೆ ಸಿಕ್ಕರು. ಬೇಡ ಅಂದರೆ ಶ್ರೀಮಂತರ ಪರ ಅನ್ನಿಸಿಕೊಳ್ಳಬೇಕು. ಹೂಂ ಅಂದರೆ ಆಕೆ ಗೆದ್ದಂತೆ. ಕೊನೆಗೆ ಹೂಂ ಅಂದರು, ಅದೂ ಒಮ್ಮತದಿಂದ. ಟಿಪ್ಪಣಿಯನ್ನು ನುಂಗಿಕೊಂಡು, ಅದರ ಸಿಟ್ಟನ್ನು ಪಕ್ಷದ ಅಭ್ಯರ್ಥಿಗಳನ್ನು ಆರಿಸುವ ಸಂಸದೀಯ ಮಂಡಳಿಯಲ್ಲಿ ತೀರಿಸಿಕೊಂಡರು. ರಾಷ್ಟ್ರಪತಿ ಅಭ್ಯರ್ಥಿಯಾಗಿ ಪ್ರಧಾನಿ ಜಗಜೀವನರಾಮ್ ಹೆಸರು ಹೇಳಿದರು. ಗಾಂಧಿ ಶತಮಾನೋತ್ಸವದ ವರ್ಷ, ಒಬ್ಬ ದಲಿತ ರಾಷ್ಟ್ರಪತಿಯಾಗಲಿ ಅಂದರು. ಮಂಡಳಿಯ ಬಹುಮತ ಸಂಜೀವ ರೆಡ್ಡಿ ಕಡೆಗೆ ಹೋಯಿತು. ತಮ್ಮ ಜೊತೆ ಇರುತ್ತಾರೆ ಅಂದುಕೊಂಡಿದ್ದ ಗೃಹಮಂತ್ರಿ ಚವಾಣರೂ ಆ ಕಡೆಗೇ ಮತ ಹಾಕಿದರು. ದೇಶದ ಪ್ರಧಾನಿ ತಮ್ಮ ಪಕ್ಷದ ಸಭೆಯಲ್ಲೇ ಸೋತು ಬೆಂಗಳೂರು ಬಿಟ್ಟರು.

ಒಂದು ವಾರ ಕಳೆಯುವಷ್ಟರಲ್ಲಿ ಲೆಕ್ಕ ಚುಕ್ತಾ. ಜುಲೈ 16ಕ್ಕೆ ಮೊರಾರ್ಜಿ ಕೈಯಿಂದ ಹಣಕಾಸು ಖಾತೆ ಹೋಯಿತು. ಅವರು ರಾಜೀನಾಮೆ ಕೊಟ್ಟರು. 19ಕ್ಕೆ 14 ಬ್ಯಾಂಕುಗಳ ರಾಷ್ಟ್ರೀಕರಣದ ಸುಗ್ರೀವಾಜ್ಞೆ. ಆ 14ರಲ್ಲಿ ಎರಡು ನಮ್ಮ ಕರಾವಳಿಯವು, ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್. ದೆಹಲಿಯಲ್ಲಿ ಟ್ಯಾಕ್ಸಿ ಚಾಲಕರು, ಕೂಲಿಕಾರರು ಪ್ರಧಾನಿ ಮನೆ ಮುಂದೆ ಜೈಕಾರ ಹಾಕಿದರು. ಒಳಗಿನ ಜಗಳ ಬೀದಿಗೆ ಬಂತು. ಬೀದಿಯಲ್ಲಿ ಆಕೆಯನ್ನು ಮೀರಿಸುವವರು ಇರಲಿಲ್ಲ.

ಆಮೇಲೆ ಬಂದದ್ದು ಆತ್ಮಸಾಕ್ಷಿಯ ಮತ. ಸಂಜೀವ ರೆಡ್ಡಿಯವರ ನಾಮಪತ್ರಕ್ಕೆ ಸಹಿ ಹಾಕಿದ್ದವರೇ ಇಂದಿರಾ. ಆದರೆ ರೆಡ್ಡಿಗೇ ಹಾಕಿ ಅಂತ ಸಂಸದರಿಗೆ ಹೇಳಲು ಒಪ್ಪಲಿಲ್ಲ, ಆತ್ಮಸಾಕ್ಷಿ ಹೇಳಿದಂತೆ ಹಾಕಿ ಅಂದರು. ವಿ.ವಿ. ಗಿರಿ ಪಕ್ಷೇತರರಾಗಿ ನಿಂತಿದ್ದರು. ಇತ್ತ ನಿಜಲಿಂಗಪ್ಪನವರು ಜನಸಂಘ ಮತ್ತು ಸ್ವತಂತ್ರ ಪಕ್ಷದ ನಾಯಕರ ಹತ್ತಿರ ಹೋಗಿ, ನಿಮ್ಮ ಎರಡನೇ ಪ್ರಾಶಸ್ತ್ಯದ ಮತ ರೆಡ್ಡಿಗೆ ಕೊಡಿ ಅಂತ ಕೇಳಿದರು. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಎದುರಾಳಿಗೆ ಅದಕ್ಕಿಂತ ಒಳ್ಳೆಯ ಅಸ್ತ್ರ ಬೇಕಿತ್ತೇ? ಕಾಂಗ್ರೆಸ್ ಅಧ್ಯಕ್ಷರೇ ಜನಸಂಘದ ಬಾಗಿಲು ತಟ್ಟಿದರು ಅಂತ ಊರೆಲ್ಲ ಸಾರಿದರು.

ಆಗಸ್ಟ್ 20ರ ಎಣಿಕೆ ನೋಡಿ. ಮೊದಲ ಸುತ್ತಿನಲ್ಲಿ ಯಾರಿಗೂ ಬಹುಮತವಿಲ್ಲ. ಗಿರಿಗೆ 4,01,515, ರೆಡ್ಡಿಗೆ 3,13,548. ಜನಸಂಘ, ಸ್ವತಂತ್ರ ಪಕ್ಷಗಳು ಬೆಂಬಲಿಸಿದ್ದ ಸಿ.ಡಿ. ದೇಶಮುಖ್ ಮೂರನೆಯವರು. ಎರಡನೇ ಪ್ರಾಶಸ್ತ್ಯ ಸೇರಿಸಿದಾಗ ರೆಡ್ಡಿ ಏರುತ್ತಾ ಏರುತ್ತಾ 4,05,427ಕ್ಕೆ ಬಂದು ನಿಂತರು. ಗಿರಿ 4,20,077. ಒಬ್ಬ ಸಂಸದನ ಮತದ ಮೌಲ್ಯ ಆಗ 576. ಕೂಡಿಸಿ ಕಳೆದು ನೋಡಿದರೆ, ಹದಿಮೂರು ಸಂಸದರು ಈ ಕಡೆಯಿಂದ ಆ ಕಡೆಗೆ ವಾಲಿದ್ದರೆ ಫಲಿತಾಂಶವೇ ಉಲ್ಟಾ. ಹದಿಮೂರು ಜನ! ರೆಸಾರ್ಟ್ ಅನ್ನುವ ವ್ಯವಸ್ಥೆ ಆಗಿನ್ನೂ ಹುಟ್ಟಿರಲಿಲ್ಲ, ಪಾಪ.

ನವೆಂಬರ್ 12ಕ್ಕೆ ಅಧ್ಯಕ್ಷರು ಪ್ರಧಾನಿಯನ್ನು ಪಕ್ಷದಿಂದ ಉಚ್ಚಾಟಿಸಿದರು. ಚಿತ್ರದುರ್ಗದ ವಕೀಲರೊಬ್ಬರು ನೆಹರೂ ಮಗಳನ್ನು ಕಾಂಗ್ರೆಸ್ಸಿನಿಂದ ಹೊರಗೆ ಹಾಕಿದರು. ಈಗಿನ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ. ಸಂಸದರಲ್ಲಿ ಹೆಚ್ಚಿನವರು ಆಕೆಯ ಜೊತೆಗೇ ಉಳಿದರು. ಕಮ್ಯುನಿಸ್ಟರು, ಡಿಎಂಕೆಯವರು ಕೈಜೋಡಿಸಿದರು. ಸರ್ಕಾರ ಬೀಳಲಿಲ್ಲ.

ಆಗ ನಮ್ಮ ದೊಡ್ಡಪ್ಪ ತಾಲೂಕು ಕಮಿಟಿಯಲ್ಲಿದ್ದರು. ಪದಾಧಿಕಾರಿ ಏನಲ್ಲ, ಸಭೆಗೆ ಜಮಖಾನ ಹಾಸಿಸುವ ಮಟ್ಟದವರು. ಅವರ ಹತ್ತಿರ ಒಂದು ಅರ್ಧ ಮುಗಿದ ರಸೀದಿ ಪುಸ್ತಕ ಇತ್ತು. ಸದಸ್ಯತ್ವದ ದುಡ್ಡು ಒಂದು ಬಟ್ಟೆಯ ಚೀಲದಲ್ಲಿತ್ತು. ಎರಡು ಕಾಂಗ್ರೆಸ್ ಆದ ಮೇಲೆ ದುಡ್ಡು ಯಾರಿಗೆ ಕಟ್ಟಬೇಕು? ಜಿಲ್ಲಾ ಕಚೇರಿಗೆ ಹೋದರೆ ಅಲ್ಲಿದ್ದವರು, ‘ನೀವು ಯಾವ ಕಡೆ ಹೇಳಿ, ಆಮೇಲೆ ದುಡ್ಡಿನ ಮಾತು’ ಅಂದರಂತೆ. ‘ನಾನು ಜೋಡೆತ್ತಿನ ಕಡೆ’ ಅಂದರಂತೆ ನಮ್ಮ ದೊಡ್ಡಪ್ಪ. ಪಕ್ಷದ ಹಳೇ ಚುನಾವಣಾ ಗುರುತಾದ ಆ ಜೋಡೆತ್ತೂ ಉಳಿಯಲಿಲ್ಲ. ಇಂದಿರಾ ಕಡೆಯವರಿಗೆ ಹಸು ಕರು, ನಿಜಲಿಂಗಪ್ಪನವರ ಕಡೆಯ ಸಂಸ್ಥಾ ಕಾಂಗ್ರೆಸ್ಸಿಗೆ ಚರಕ ನೂಲುವ ಹೆಂಗಸು ಸಿಕ್ಕಿತು. ಎತ್ತು ಮಾತ್ರ ಯಾರಿಗೂ ದಕ್ಕಲಿಲ್ಲ. ದೊಡ್ಡಪ್ಪ ಆ ದುಡ್ಡನ್ನು ಊರಿನ ಶಾಲೆಗೆ ಬೆಂಚು ಮಾಡಿಸಲು ಕೊಟ್ಟರು. ರಸೀದಿ ಪುಸ್ತಕವನ್ನು ದೊಡ್ಡಮ್ಮ ಹಾಲಿನ ಲೆಕ್ಕಕ್ಕೆ ಬಳಸಿಕೊಂಡರು.

ಇದನ್ನೇ ನಾನು ಮತ್ತೆ ಮತ್ತೆ ಹೇಳುವುದು. ನಿಜಲಿಂಗಪ್ಪ ಸರಿಯೋ ಇಂದಿರಾ ಸರಿಯೋ ಅಂತ ಐವತ್ತು ವರ್ಷದಿಂದ ಜಗಳ ಆಡಿದ್ದೇವೆ. ‘ಶಿಸ್ತು’ ಅಂದವರೂ ಆ ತಾಲೂಕು ಕಮಿಟಿಯನ್ನು ಕೇಳಲಿಲ್ಲ, ‘ಆತ್ಮಸಾಕ್ಷಿ’ ಅಂದವರೂ ಕೇಳಲಿಲ್ಲ. ಒಬ್ಬರು ಮಂಡಳಿಯ ಬಹುಮತ ತೋರಿಸಿದರು, ಇನ್ನೊಬ್ಬರು ಬೀದಿಯ ಜನ ತೋರಿಸಿದರು. ಮಧ್ಯದಲ್ಲಿ ಇದ್ದ ಪಕ್ಷ ಯಾರ ಕಣ್ಣಿಗೂ ಬೀಳಲಿಲ್ಲ.

(ಚೀಟಿ ಬಂದಿದೆ. ಹತ್ತು ನಿಮಿಷ ಅಂತೆ. ಸರಿ.)

ಮೂರನೆಯದು ಕರ್ನಾಟಕದ ಮೇಲೆ ಇದರ ಪರಿಣಾಮ. ಬರೆದುಕೊಂಡದ್ದು ಜಾಸ್ತಿ ಇದೆ, ಓಡಿಸುತ್ತೇನೆ. 1971ರ ಲೋಕಸಭೆಯಲ್ಲಿ ಇಂದಿರಾ ಪಕ್ಷಕ್ಕೆ 352, ಸಂಸ್ಥಾ ಕಾಂಗ್ರೆಸ್ಸಿಗೆ 16. ನಮ್ಮ ರಾಜ್ಯದಲ್ಲಿ 27ಕ್ಕೆ 27ನ್ನೂ ಇಂದಿರಾ ಗೆದ್ದರು. ವೀರೇಂದ್ರ ಪಾಟೀಲರ ಸರ್ಕಾರ ಉರುಳಿತು. 1972ರಲ್ಲಿ ದೇವರಾಜ ಅರಸು ಬಂದರು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಆ ಒಡಕು ಆಗದಿದ್ದರೆ ಅರಸು ಮುಖ್ಯಮಂತ್ರಿ ಆಗುವುದು ಕಷ್ಟವಿತ್ತು. ಹಿಂದುಳಿದ ವರ್ಗಗಳ ಹಾವನೂರು ಆಯೋಗ, 1974ರ ಭೂಸುಧಾರಣೆ, ಗೇಣಿದಾರನಿಗೆ ಸಿಕ್ಕ ಭೂಮಿ, ಇವೆಲ್ಲ ಹಳೆಯ ಗುಂಪಿನ ಕೈಯಲ್ಲಿ ಆಗುತ್ತಿದ್ದವು ಅಂತ ನನಗೆ ಅನ್ನಿಸುವುದಿಲ್ಲ. ಹಾಗಾಗಿ ಒಡಕು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಆದರೆ ಅದೇ ಅರಸು 1979ರಲ್ಲಿ ಇಂದಿರಾ ಜೊತೆ ಮುನಿಸಿಕೊಂಡಾಗ ಏನಾಯಿತು? ಮುಖ್ಯಮಂತ್ರಿ ಪಟ್ಟ, ಕೆಪಿಸಿಸಿ ಅಧ್ಯಕ್ಷ ಪಟ್ಟ ಎರಡೂ ಒಬ್ಬರಿಗೇ ಯಾಕೆ ಅನ್ನುವ ತಕರಾರು. ಅರಸು ಹೊರಬಿದ್ದರು. 1980ರ ಜನವರಿಯಲ್ಲಿ ಇಂದಿರಾ ಇಲ್ಲಿ 28ರಲ್ಲಿ 27 ಗೆದ್ದರು. ಅರಸು ಬೆನ್ನಿಗಿದ್ದ ಶಾಸಕರು ಸಾಲುಸಾಲಾಗಿ ಆ ಕಡೆ ನಡೆದರು. ಗುಂಡೂರಾಯರು ಬಂದರು. ಭೂಮಿ ಪಡೆದ ಗೇಣಿದಾರ ಅರಸು ಅವರ ಫೋಟೋ ಮನೆಯಲ್ಲಿ ಇಟ್ಟುಕೊಂಡ, ಮತ ಇಂದಿರಾಗೆ ಹಾಕಿದ. ಅರಸು ಜನರನ್ನು ಕಟ್ಟಿದ್ದರು, ಪಕ್ಷವನ್ನು ಕಟ್ಟಲು ಅವರಿಗೂ ಪುರುಸೊತ್ತು ಆಗಿರಲಿಲ್ಲ.

ವೀರೇಂದ್ರ ಪಾಟೀಲರದ್ದು ಇನ್ನೂ ವಿಚಿತ್ರ. 1978ರಲ್ಲಿ ಚಿಕ್ಕಮಗಳೂರಿನಲ್ಲಿ ಇಂದಿರಾ ಎದುರು ನಿಂತು ಸೋತವರು ಅವರು. ಆಮೇಲೆ ಅದೇ ಇಂದಿರಾ ಸಂಪುಟದಲ್ಲಿ ಮಂತ್ರಿ. 1989ರಲ್ಲಿ 178 ಶಾಸಕರನ್ನು ಗೆಲ್ಲಿಸಿಕೊಂಡು ಬಂದು ಮುಖ್ಯಮಂತ್ರಿ. ಮರುವರ್ಷ ಕಾಯಿಲೆ ಮಲಗಿದ್ದಾಗ ರಾಜೀವ್ ಗಾಂಧಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನಿಂತು ನಾಯಕತ್ವ ಬದಲಾವಣೆ ಅಂದರು. ಗಾಜಿನ ಮನೆಯಲ್ಲಿ ಕನಿಷ್ಠ ಒಂದು ಸಭೆ ಸೇರಿತ್ತು, ಮತದಾನ ನಡೆದಿತ್ತು, ಪ್ರಧಾನಿ ಸೋಲುವ ಅವಕಾಶವಾದರೂ ಇತ್ತು. 1990ರಲ್ಲಿ ವಿಮಾನ ಹತ್ತುವ ಮುಂಚಿನ ಒಂದು ಮಾತು ಸಾಕಾಯಿತು.

(ಇನ್ನೊಂದು ಚೀಟಿ. ಇದರಲ್ಲಿ ‘ಊಟ ತಣ್ಣಗಾಗುತ್ತಿದೆ’ ಅಂತ ಬರೆದಿದ್ದಾರೆ. ಇದು ಯಾವ ಬಣದ ಚೀಟಿಯೋ.)

ನಾಲ್ಕನೆಯ ಅಂಶ ಪಕ್ಷದೊಳಗಿನ ಚುನಾವಣೆ. ಎರಡೇ ಮಾತು. 1972ರ ನಂತರ ಕಾಂಗ್ರೆಸ್ಸಿನಲ್ಲಿ ಸಂಘಟನೆಯ ಚುನಾವಣೆ ನಡೆದದ್ದು 1992ರಲ್ಲಿ, ತಿರುಪತಿ ಅಧಿವೇಶನದ ಹೊತ್ತಿಗೆ. ಇಪ್ಪತ್ತು ವರ್ಷ ಬರೀ ನೇಮಕದಲ್ಲೇ ಕಳೆಯಿತು. ತಿರುಪತಿಯಲ್ಲಿ ಕಾರ್ಯಕಾರಿ ಸಮಿತಿಗೆ ಮತದಾನ ನಡೆದು ಅರ್ಜುನ್ ಸಿಂಗ್, ಶರದ್ ಪವಾರ್ ಮೊದಲಾದವರು ಗೆದ್ದರು. ದಲಿತರು, ಆದಿವಾಸಿಗಳು, ಮಹಿಳೆಯರು ಒಬ್ಬರೂ ಗೆದ್ದಿಲ್ಲವಲ್ಲ ಅಂತ ನರಸಿಂಹರಾಯರು ಎಲ್ಲರಿಂದಲೂ ರಾಜೀನಾಮೆ ಪಡೆದು ಮತ್ತೆ ನೇಮಕ ಮಾಡಿದರು. ಕೊಟ್ಟ ಕಾರಣ ಸುಳ್ಳಲ್ಲ. ಆದರೆ ಗೆದ್ದವರೂ ನೇಮಕಗೊಂಡವರೇ ಆಗಿಬಿಟ್ಟರು, ಅಲ್ವಾ? ಇದು ಒಂದು ಪಕ್ಷದ ಕಥೆ ಮಾತ್ರ ಅಂದುಕೊಂಡು ಯಾರೂ ಹಿಗ್ಗಬೇಡಿ. ಜನತಾ ಪರಿವಾರ ಎಷ್ಟು ಹೋಳಾಯಿತು ಅಂತ ಬೆರಳು ಮಡಿಚಿ ಎಣಿಸಲು ಇಲ್ಲಿರುವ ಹಿರಿಯರಿಗೂ ಆಗಲಿಕ್ಕಿಲ್ಲ.

ಪಕ್ಷಾಂತರ ನಿಷೇಧ ಕಾಯ್ದೆ ಬಗ್ಗೆಯೂ ಒಂದು ಪುಟ ಇತ್ತು. ಅದನ್ನು ಮಡಿಚಿ ಜೇಬಿಗೆ ಹಾಕಿಕೊಳ್ಳುತ್ತೇನೆ. ಪ್ರಶ್ನೆ ಇದ್ದವರು ಕೇಳಿ. ಈಗಿನ ಬಣಗಳ ಬಗ್ಗೆ ಕೇಳುವವರು ಮಾತ್ರ ದಯವಿಟ್ಟು ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಬಂದು ಕೂತು ಕೇಳಿ. ಅಲ್ಲಿ ಮೈಕ್ ಇರುವುದಿಲ್ಲ.