ಕರೆಂಟ್ ಹೋದರೂ ಉತ್ತರ ಹೋಗುತ್ತದೆ

ಈಗ ಕಾಣುತ್ತಿರುವುದು ನಮ್ಮ ಮನೆಯ ಅಂಗಳ. ಸಮಯ ಬೆಳಿಗ್ಗೆ ಹತ್ತೂವರೆ. ನೋಡಿದರೆ ಸಂಜೆ ಆರು ಅನ್ನಿಸುತ್ತದೆ, ಅಲ್ವಾ? ಸಕಲೇಶಪುರದ ಕಡೆ ಜುಲೈ ಅಂದರೆ ಹೀಗೇ. ಕರೆಂಟ್ ಹೋಗಿ ಇವತ್ತಿಗೆ ಎರಡನೇ ದಿನ. ಯುಪಿಎಸ್ ನಿನ್ನೆ ರಾತ್ರಿಯೇ ಕೈ ಎತ್ತಿತು. ಫೋನಿನಲ್ಲಿ ಸಿಗ್ನಲ್ಲಿನ ಒಂದು ಕಡ್ಡಿಯೂ ಇಲ್ಲ.

ಆದರೂ ಈ ಹೊತ್ತಿನಲ್ಲಿ ಬೆಂಗಳೂರಿನಿಂದ ಯಾರಾದರೂ ನಮ್ಮ ಹೋಮ್‌ಸ್ಟೇಗೆ ಇಮೇಲ್ ಹಾಕಿದರೆ ಅವರಿಗೆ ಉತ್ತರ ಹೋಗುತ್ತದೆ. ನಾನು ಇಲ್ಲಿ ಜಗಲಿಯಲ್ಲಿ ಕೂತು ಹಲಸಿನ ಬೀಜ ಸುಲಿಯುತ್ತಿದ್ದರೂ ಹೋಗುತ್ತದೆ. ಅತ್ತೆಗೆ ಇದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ನೀನಿಲ್ಲದಾಗ ನಿನ್ನ ಹೆಸರಲ್ಲಿ ಯಾರೋ ಮಾತಾಡ್ತಾರಾ? ಏನಾದ್ರೂ ಎಡವಟ್ಟಾದ್ರೆ?"

ಆಯಿತು. ಎಡವಟ್ಟೇ ಆಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ನಮ್ಮದು ಮೂರೇ ರೂಮು. ಬರುವ ಮೇಲ್‌ಗಳಲ್ಲಿ ಹೆಚ್ಚುಕಮ್ಮಿ ಅವೇ ಪ್ರಶ್ನೆಗಳು. ಒಬ್ಬರಿಗೆ ಎಷ್ಟು? ಊಟ ಸೇರಿಯೇ? ಗೇಟಿನ ತನಕ ಕಾರು ಬರುತ್ತದೆಯೇ? ಮಂಜರಾಬಾದ್ ಕೋಟೆ ಹತ್ತಿರವೇ? ಕಳೆದ ಮಳೆಗಾಲದವರೆಗೂ ಇದನ್ನೆಲ್ಲ ದಿನಾ ಫೋನಿನಲ್ಲಿ ಕುಟ್ಟುತ್ತಿದ್ದೆ. ನೆಟ್‌ವರ್ಕ್ ಇಲ್ಲದ ದಿನ ಬಂದ ಮೇಲ್‌ಗೆ ಮೂರು ದಿನ ಬಿಟ್ಟು ಉತ್ತರ ಕೊಟ್ಟರೆ, ಅಷ್ಟರಲ್ಲಿ ಅವರು ಬೇರೆ ಕಡೆ ರೂಮು ಹಿಡಿದಾಗಿರುತ್ತಿತ್ತು.

ಈಗ ಆ ಉತ್ತರವನ್ನು ಜಿಮೇಲೇ ತಾನಾಗಿ ಕಳಿಸುತ್ತದೆ. ಇದು ಮೊನ್ನೆ ಕರೆಂಟ್ ಇದ್ದಾಗ ತೆಗೆದ ಸ್ಕ್ರೀನ್. ಜಿಮೇಲ್ ಅನ್ನು ಕಂಪ್ಯೂಟರಿನಲ್ಲೇ ತೆರೆಯಿರಿ, ಫೋನಿನ ಆಪ್‌ನಲ್ಲಿ ಈ ಸೆಟ್ಟಿಂಗ್ ಸಿಗುವುದಿಲ್ಲ. ಮೇಲೆ ಬಲಗಡೆ ಚಕ್ರದ ಗುರುತು, ಅದರಲ್ಲಿ 'ಸೀ ಆಲ್ ಸೆಟ್ಟಿಂಗ್ಸ್', ಆಮೇಲೆ 'ಅಡ್ವಾನ್ಸ್ಡ್'. ಅಲ್ಲಿ 'ಟೆಂಪ್ಲೇಟ್ಸ್', ಅಂದರೆ ಮೊದಲೇ ಬರೆದಿಡುವ ಉತ್ತರಗಳು, ಅದರ ಎದುರಿಗೆ 'ಎನೇಬಲ್' ಒತ್ತಿ. ಕೆಳಗೆ ಹೋಗಿ ಸೇವ್ ಮಾಡುವುದನ್ನು ಮರೆಯಬೇಡಿ. ನಾನು ಮರೆತು ಅರ್ಧ ಗಂಟೆ ತಲೆ ಕೆರೆದುಕೊಂಡಿದ್ದೆ.

ಈಗ ಹೊಸ ಮೇಲ್ ಬರೆಯುವ ಡಬ್ಬಿ ತೆರೆದು, ಕಳಿಸಬೇಕಾದ ಉತ್ತರವನ್ನು ಬರೆಯಿರಿ. ಕೆಳಗಿನ ಮೂರು ಚುಕ್ಕಿ ಒತ್ತಿದರೆ 'ಟೆಂಪ್ಲೇಟ್ಸ್' ಬರುತ್ತದೆ. ಬರೆದದ್ದನ್ನು ಅಲ್ಲಿ ಒಂದು ಹೆಸರು ಕೊಟ್ಟು ಉಳಿಸಿಕೊಳ್ಳಿ. ಇಲ್ಲಿಗೆ ಉತ್ತರ ರೆಡಿ. ಅದು ಯಾರಿಗೆ, ಯಾವಾಗ ಹೋಗಬೇಕು ಅಂತ ಹೇಳುವುದು ಫಿಲ್ಟರಿನ ಕೆಲಸ. ಹುಡುಕುವ ಪಟ್ಟಿಯ ತುದಿಯಲ್ಲಿರುವ ಗುರುತನ್ನು ಒತ್ತಿದರೆ ಒಂದು ಫಾರಂ ತೆರೆಯುತ್ತದೆ: ಯಾರಿಂದ, ಯಾರಿಗೆ, ಸಬ್ಜೆಕ್ಟ್ ಏನು, ಯಾವ ಪದ ಇರಬೇಕು, ಯಾವ ಪದ ಇರಬಾರದು. ತುಂಬಿ 'ಕ್ರಿಯೇಟ್ ಫಿಲ್ಟರ್' ಒತ್ತಿ. ಮುಂದಿನ ಪುಟದಲ್ಲಿ 'ಸೆಂಡ್ ಟೆಂಪ್ಲೇಟ್' ಅಂತ ಇದೆ ನೋಡಿ, ಅದಕ್ಕೆ ಟಿಕ್ ಹಾಕಿ.

ಈ ನಿಯಮ ಓಡುವುದು ಗೂಗಲ್‌ನ ಸರ್ವರಿನಲ್ಲಿ, ನನ್ನ ಲ್ಯಾಪ್‌ಟಾಪಿನಲ್ಲಿ ಅಲ್ಲ. ಅದಕ್ಕೇ ಇಲ್ಲಿ ಕತ್ತಲಿದ್ದರೂ ಅದರ ಕೆಲಸ ನಿಲ್ಲುವುದಿಲ್ಲ. ನನ್ನ ಮೈದುನ ಹಾಸನದಲ್ಲಿ ತನ್ನ ಕಂಪ್ಯೂಟರಿನಲ್ಲಿ ಮೇಲ್ ನೋಡುವ ಹಳೆಯ ಔಟ್‌ಲುಕ್ ಸಾಫ್ಟ್‌ವೇರಿನಲ್ಲಿ ಇಂಥದ್ದೇ ರೂಲ್ ಹಾಕಿಕೊಂಡಿದ್ದ. ಟೆಂಪ್ಲೇಟ್ ಕಳಿಸುವ ಆ ರೂಲ್‌ಗೆ ಔಟ್‌ಲುಕ್ ತೆರೆದೇ ಇರಬೇಕು. ಅವನು ಶನಿವಾರ ಕಂಪ್ಯೂಟರ್ ಆಫ್ ಮಾಡಿ ಮನೆಗೆ ಬರುತ್ತಿದ್ದ, ಉತ್ತರಗಳೆಲ್ಲ ಸೋಮವಾರ ಒಟ್ಟಿಗೆ ಹೋಗುತ್ತಿದ್ದವು!

ಈಗ ಆ ಎಡವಟ್ಟು.

ಮೊದಲು ನಾನು ಹಾಕಿದ ನಿಯಮ ಬಹಳ ಸುಲಭದ್ದು. ಸಬ್ಜೆಕ್ಟಿನಲ್ಲಿ 'ಬುಕಿಂಗ್' ಅಂತ ಇಂಗ್ಲಿಷಿನಲ್ಲಿ ಇದ್ದರೆ ಸಾಕು, ಉತ್ತರ ಹೋಗಲಿ. ಎರಡು ವಾರ ಚೆನ್ನಾಗೇ ನಡೆಯಿತು. ಒಂದು ದಿನ, ರೂಮು ಗೊತ್ತುಮಾಡಿಕೊಂಡಿದ್ದ ಒಬ್ಬರು ಬರೆದಿದ್ದರು: ತಂದೆ ತೀರಿಕೊಂಡರು, ಬರಲು ಆಗುವುದಿಲ್ಲ, ದಯವಿಟ್ಟು ಕ್ಯಾನ್ಸಲ್ ಮಾಡಿ. ಅವರು ಹಳೆಯ ಮೇಲ್‌ಗೇ ರಿಪ್ಲೈ ಒತ್ತಿದ್ದರು. ಹಾಗೆ ಮಾಡಿದರೆ ಸಬ್ಜೆಕ್ಟ್ ಬದಲಾಗುವುದಿಲ್ಲ, ಮುಂದೆ ಒಂದು 'ರೀ' ಸೇರುತ್ತದೆ ಅಷ್ಟೇ. ಫಿಲ್ಟರಿಗೆ ಕಂಡಿದ್ದು 'ಬುಕಿಂಗ್' ಒಂದೇ. ಅವರಿಗೆ ಹೋದ ಉತ್ತರ ಶುರುವಾಗುವುದು ಹೀಗೆ: "ನಿಮ್ಮ ಮೇಲ್ ನೋಡಿ ತುಂಬಾ ಖುಷಿಯಾಯಿತು!"

ಆ ಆಶ್ಚರ್ಯಸೂಚಕ ಚಿಹ್ನೆಯನ್ನೂ ನಾನೇ ಹಾಕಿದ್ದು.

ಅದು ಗೊತ್ತಾಗಿದ್ದು ಮಾರನೇ ದಿನ. ಮೇಲ್ ಬರೆಯಲು ಮುಖವಿರಲಿಲ್ಲ. ಫೋನ್ ಮಾಡಿದೆ. ಅವರು ದೊಡ್ಡ ಮನಸ್ಸಿನವರು, "ಮಷೀನ್ ಅಂತ ಗೊತ್ತಾಯ್ತು ಬಿಡಿ ಮೇಡಂ" ಅಂದರು. ನನಗೆ ಮಾತ್ರ ಅವತ್ತು ಊಟ ಸೇರಲಿಲ್ಲ.

ಆಮೇಲೆ ಪದ ನೋಡಿ ಉತ್ತರಿಸುವ ಆಟವನ್ನೇ ಬಿಟ್ಟೆ. ಜಿಮೇಲ್‌ನಲ್ಲಿ ಒಂದು ಅನುಕೂಲವಿದೆ. ನಿಮ್ಮ ವಿಳಾಸದಲ್ಲಿ ಅಟ್ ಚಿಹ್ನೆಗೆ ಮುಂಚೆ ಒಂದು ಪ್ಲಸ್ ಹಾಕಿ ಏನಾದರೂ ಪದ ಸೇರಿಸಿದರೂ ಮೇಲ್ ನಿಮ್ಮ ಇನ್‌ಬಾಕ್ಸಿಗೇ ಬರುತ್ತದೆ. ಹೊಸ ಖಾತೆ ಬೇಡ. ನಮ್ಮ ಬೋರ್ಡಿನ ಮೇಲೆ, ಕಾರ್ಡಿನ ಮೇಲೆ 'ಪ್ಲಸ್ ರೂಮ್' ಇರುವ ವಿಳಾಸ ಹಾಕಿಸಿದೆ. ಫಿಲ್ಟರಿನ 'ಟು' ಜಾಗದಲ್ಲಿ ಆ ವಿಳಾಸ ಒಂದೇ. ಹೊಸಬರ ಮೊದಲ ಮೇಲ್ ಅಲ್ಲಿಗೆ ಬರುತ್ತದೆ, ಉತ್ತರ ಹೋಗುತ್ತದೆ. ನಾನು ಕೈಯಾರೆ ಬರೆಯುವುದು ಮಾಮೂಲಿ ವಿಳಾಸದಿಂದ. ಅದಕ್ಕೆ ಅವರು ರಿಪ್ಲೈ ಮಾಡಿದರೆ ಮಾಮೂಲಿ ವಿಳಾಸಕ್ಕೇ ಬರುತ್ತದೆ, ಫಿಲ್ಟರ್ ಮುಟ್ಟುವುದಿಲ್ಲ. ಇರಲಿ ಅಂತ 'ಇರಬಾರದ ಪದ'ಗಳಲ್ಲಿ ಕ್ಯಾನ್ಸಲ್, ರಿಫಂಡ್ ಎರಡನ್ನೂ ಸೇರಿಸಿದ್ದೇನೆ. ಬಿಸಿ ಹಾಲು ಕುಡಿದು ಬಾಯಿ ಸುಟ್ಟ ಬೆಕ್ಕು ನಾನು.

ಉತ್ತರವನ್ನೂ ತಿದ್ದಿದೆ. ಖುಷಿ, ಸಂತೋಷ ಎಲ್ಲ ತೆಗೆದೆ. ಮೊದಲ ಸಾಲು ಈಗ ಹೀಗಿದೆ: "ಇದು ತಾನಾಗಿ ಹೋಗುವ ಉತ್ತರ. ನಮ್ಮಲ್ಲಿ ಮಳೆಗೆ ಕರೆಂಟ್, ನೆಟ್‌ವರ್ಕ್ ಎರಡೂ ಹೋಗುತ್ತಿರುತ್ತವೆ. ನಿಮ್ಮ ಮೇಲ್ ಓದಿದ ತಕ್ಷಣ ನಾನೇ ಬರೆಯುತ್ತೇನೆ." ಅದರ ಕೆಳಗೆ ದರ, ಊಟ, ದಾರಿ. ರೂಮು ಖಾಲಿ ಇದೆ ಅಂತ ಮಾತ್ರ ಎಲ್ಲೂ ಬರೆದಿಲ್ಲ. ಖಾಲಿ ಇದೆಯೋ ಇಲ್ಲವೋ ಅನ್ನುವುದು ಟೆಂಪ್ಲೇಟಿಗೆ ಹೇಗೆ ಗೊತ್ತಾಗಬೇಕು? ಅದು ಇರುವುದು ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ.

ಮದುವೆಗೆ ಅಂತ ನಾಲ್ಕು ದಿನ ಊರು ಬಿಡುವವರಿಗೆ ಇಷ್ಟೆಲ್ಲ ಬೇಕಿಲ್ಲ. ಸೆಟ್ಟಿಂಗ್ಸಿನಲ್ಲೇ 'ವೆಕೇಶನ್ ರೆಸ್ಪಾಂಡರ್' ಇದೆ. ಒಬ್ಬರೇ ಪದೇಪದೇ ಬರೆದರೂ ಅದು ಸಾಮಾನ್ಯವಾಗಿ 4 ದಿನಕ್ಕೊಮ್ಮೆ ಮಾತ್ರ ಉತ್ತರಿಸುತ್ತದೆ. ಬೇಕಾದರೆ ಪರಿಚಯದವರಿಗೆ ಮಾತ್ರ ಹೋಗುವ ಹಾಗೆ ಮಾಡಬಹುದು.

ಸಂಜೆ ಐದೂಕಾಲು. ಎರಡು ಕಡ್ಡಿ ಬಂತು. ನೋಡಿ, ಒಟ್ಟು ಮೂರು ಮೇಲ್, ಮೂರಕ್ಕೂ ಉತ್ತರ ಹೋಗಿದೆ. ಒಬ್ಬರು ಆಗಲೇ ತಿರುಗಿ ಕೇಳಿದ್ದಾರೆ: "ನಿಮ್ಮ ತೋಟದಲ್ಲಿ ಜಿಗಣೆ ಇದೆಯಾ?"

ಇದಕ್ಕೆ ಟೆಂಪ್ಲೇಟ್ ಇಲ್ಲ. ಇದೆ ಅಂತ ನಾನೇ ಬರೆಯುತ್ತೇನೆ. ಕಾಲುಚೀಲಕ್ಕೆ ಹಚ್ಚಿಕೊಳ್ಳಲು ಸುಣ್ಣ, ನಶ್ಯ ಅತ್ತೆಯ ಹತ್ತಿರ ಇದೆ ಅಂತಲೂ.